‘ಎರಡೂ ಹತ್ತು ಸ್ಪೀಡ್’ ಎಂಬ ಮಾತನ್ನು ನಂಬಿ ಗೇರು ಬದಲಿಸಬೇಡಿ

ರೋಡ್ ಬೈಕಿನ (ರಸ್ತೆಯಲ್ಲಿ ವೇಗವಾಗಿ ಓಡಿಸುವ ಸೈಕಲ್ಲಿನ) ಗೇರು ಲಿವರುಗಳನ್ನು ಬದಲಿಸುವ ಯೋಚನೆಯಲ್ಲಿರುವ ಮಂಗಳೂರು, ಉಡುಪಿ ಕಡೆಯ ಸವಾರರು ಹಣ ಕೊಡುವ ಮೊದಲು ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಕಳೆದ ಡಿಸೆಂಬರಿನಲ್ಲಿ ಆಗುಂಬೆ ಘಾಟಿಯ ಐದನೆಯ ತಿರುವಿನಲ್ಲಿ ನನ್ನ ಸೈಕಲ್ಲಿನ ಹಿಂಬದಿ ಡೆರೇಲರ್, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ, ಚಕ್ರದ ಕಡ್ಡಿಗಳ ನಡುವೆ ಸಿಕ್ಕಿ ಮುರಿಯಿತು. ಏರಿನಲ್ಲಿ ತೀರಾ ನಿಧಾನವಾಗಿ ಹೋಗುತ್ತಿದ್ದೆ, ಹಿಂದೆ ವಾಹನವೂ ಇರಲಿಲ್ಲ. ಆದ್ದರಿಂದ ಮೊಣಕೈ ತರಚಿದ್ದಷ್ಟೇ.

ನನ್ನ ಸೈಕಲ್ಲಿನಲ್ಲಿದ್ದುದು ಶಿಮಾನೊ ಕಂಪನಿಯ ಟಿಯಾಗ್ರಾ 4600 ಸರಣಿಯ 10 ಸ್ಪೀಡ್ ಗೇರು, ಅಂದರೆ ಹಿಂದೆ ಹತ್ತು ಸ್ಪ್ರಾಕೆಟ್ (ಹಲ್ಲುಚಕ್ರ). ಆ ಸರಣಿಯ ಲಿವರುಗಳಲ್ಲಿ ಗೇರಿನ ಕೇಬಲ್ ಪಕ್ಕದಿಂದ ಹೊರಗೆ ಚಾಚಿಕೊಂಡಿರುತ್ತದೆ. ಬಲಗಡೆಯ ಲಿವರು ಸವೆದು ಆಗಾಗ ಹಿಡಿತ ತಪ್ಪುತ್ತಿದ್ದಾಗ, ಮಂಗಳೂರಿನ ಒಬ್ಬರು ಟಿಯಾಗ್ರಾ 4700ರ ಬಳಸಿದ ಲಿವರು ಜೋಡಿಯನ್ನು ಮಾರಾಟಕ್ಕಿಟ್ಟಿದ್ದು ಕಣ್ಣಿಗೆ ಬಿತ್ತು. ಅದೂ 10 ಸ್ಪೀಡ್, ಅದೂ ಟಿಯಾಗ್ರಾ, ಕೇಬಲ್ ಹ್ಯಾಂಡಲ್ ಟೇಪಿನ ಅಡಿಯಲ್ಲೇ ಸಾಗುವುದರಿಂದ ನೋಡಲೂ ಅಂದ. ನನ್ನ ಹಳೆಯ ಡೆರೇಲರಿಗೆ ಹೊಂದುತ್ತದೆಯೇ ಎಂದು ಮಾರುವವರನ್ನು ಕೇಳಿದೆ, ಜೋಡಿಸಿಕೊಡುವ ಮೆಕ್ಯಾನಿಕನ್ನೂ ಕೇಳಿದೆ. “ಎರಡೂ ಹತ್ತು ಸ್ಪೀಡ್ ಅಲ್ವಾ ಮಾರಾಯ್ರೆ, ಏನೂ ತೊಂದರೆ ಆಗ್ಲಿಕ್ಕಿಲ್ಲ” ಎಂದರು. ಹಳೆಯ ಜೋಡಿಯನ್ನು ಮಾರಿ, 9,000 ರೂಪಾಯಿ ಕೊಟ್ಟು ಇದನ್ನು ಹಾಕಿಸಿಕೊಂಡೆ.

ಮೊದಲ ದಿನದಿಂದಲೇ ಗೇರು ಸರಿಯಾಗಿ ಕೂರಲಿಲ್ಲ. ಸಣ್ಣ ಸ್ಪ್ರಾಕೆಟ್‌ಗಳಲ್ಲಿ ಎರಡು ಮೂರು ಗೇರು ನಿಶ್ಶಬ್ದವಾಗಿ ಓಡಿದರೆ, ನಡುವಿನವು ಕರಕರ ಎನ್ನುತ್ತಿದ್ದವು. ನಡುವಿನದನ್ನು ಸರಿಪಡಿಸಿದರೆ ತುದಿಯವು ಕೆಡುತ್ತಿದ್ದವು. ಕರಾವಳಿಯ ಉಪ್ಪುಗಾಳಿಗೆ ಮತ್ತು ಮಳೆಗೆ ಕೇಬಲ್ ತುಕ್ಕು ಹಿಡಿಯುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯವಾದ್ದರಿಂದ ತಪ್ಪೆಲ್ಲ ಕೇಬಲ್ಲಿನ ಮೇಲೆ ಬಿತ್ತು, ಎರಡು ಬಾರಿ ಹೊಸ ಕೇಬಲ್ಲನ್ನೂ ಹೊರಕವಚವನ್ನೂ ಹಾಕಿಸಿದ್ದಾಯಿತು. ಕೇಬಲ್ ಕೆಟ್ಟಿರುವುದು, ಭಾಗಗಳು ಹೊಂದದಿರುವುದು, ಈ ಎರಡು ದೋಷಗಳ ಲಕ್ಷಣ ಬೇರೆ ಬೇರೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಕೇಬಲ್ ತುಕ್ಕು ಹಿಡಿದಿದ್ದರೆ ದೊಡ್ಡ ಸ್ಪ್ರಾಕೆಟ್ಟಿಗೆ ಏರುವುದು ಸುಮಾರಾಗಿ ನಡೆದು, ಸಣ್ಣದಕ್ಕೆ ಇಳಿಯುವಾಗ ತಡವಾಗುತ್ತದೆ, ಏಕೆಂದರೆ ಇಳಿಸುವಾಗ ಎಳೆಯುವುದು ಡೆರೇಲರಿನ ಸ್ಪ್ರಿಂಗ್ ಮಾತ್ರ. ಏರುವಾಗಲೂ ಇಳಿಯುವಾಗಲೂ ಅದೇ ಅದೇ ಗೇರಿನಲ್ಲಿ ಚೈನು ಅಷ್ಟೇ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರೆ, ಭಾಗಗಳೇ ಒಂದಕ್ಕೊಂದು ಹೊಂದುತ್ತಿಲ್ಲ ಎಂದು ಅನುಮಾನಿಸಬೇಕು.

ಕಾರಣ ಸರಳವಾಗಿದೆ. ಲಿವರಿನ ಒಂದು ಕ್ಲಿಕ್ಕಿಗೆ ಕೇಬಲ್ ಎಷ್ಟು ಎಳೆಯಲ್ಪಡುತ್ತದೆ, ಅಷ್ಟು ಎಳೆತಕ್ಕೆ ಡೆರೇಲರ್ ಎಷ್ಟು ಸರಿಯುತ್ತದೆ ಎಂಬ ಎರಡು ಅಳತೆಗಳು ಕೂಡಿ ಬರಬೇಕು. 10 ಸ್ಪೀಡ್ ಕ್ಯಾಸೆಟ್ಟಿನಲ್ಲಿ (ಹಿಂದಿನ ಸ್ಪ್ರಾಕೆಟ್ಟುಗಳ ಗುಚ್ಛದಲ್ಲಿ) ಒಂದು ಸ್ಪ್ರಾಕೆಟ್ಟಿನಿಂದ ಇನ್ನೊಂದಕ್ಕೆ ಸುಮಾರು 3.95 ಮಿ.ಮೀ. ಅಂತರ. ಹಳೆಯ 10 ಸ್ಪೀಡ್ ರೋಡ್ ಲಿವರು ಒಂದು ಕ್ಲಿಕ್ಕಿಗೆ ಸುಮಾರು 2.3 ಮಿ.ಮೀ. ಎಳೆಯುತ್ತದೆ, ಡೆರೇಲರ್ ಅದನ್ನು 1.7 ಪಟ್ಟು ಮಾಡುತ್ತದೆ. 4700 ಸರಣಿ ಹೆಸರಿಗೆ 10 ಸ್ಪೀಡ್ ಆದರೂ ಅದರ ಡೆರೇಲರಿನ ಅನುಪಾತ 11 ಸ್ಪೀಡಿನದು: ಲಿವರು ಸುಮಾರು 2.8 ಮಿ.ಮೀ. ಎಳೆಯುತ್ತದೆ, ಡೆರೇಲರ್ 1.4 ಪಟ್ಟು ಮಾಡುತ್ತದೆ. ನನ್ನಲ್ಲಿ 2.8ರ ಎಳೆತ 1.7ರ ಡೆರೇಲರಿಗೆ ಸಿಕ್ಕಿ ಪ್ರತಿ ಕ್ಲಿಕ್ಕಿಗೂ 4.7 ಮಿ.ಮೀ.ಗಿಂತ ಹೆಚ್ಚು ಸರಿಯುತ್ತಿತ್ತು. ಐದು ಕ್ಲಿಕ್ ಒತ್ತುವಷ್ಟರಲ್ಲಿ ಒಂದು ಇಡೀ ಸ್ಪ್ರಾಕೆಟ್ಟಿನಷ್ಟು ಮುಂದೆ ಹೋಗಿಬಿಡುತ್ತಿತ್ತು. ಕೇಬಲ್ ಬಿಗಿಮಾಡುವ ತಿರುಪು ಆರಂಭದ ಜಾಗವನ್ನು ಬದಲಿಸಬಲ್ಲದೇ ಹೊರತು ಹೆಜ್ಜೆಯ ಉದ್ದವನ್ನಲ್ಲ. ಶಿಮಾನೊ ಪ್ರಕಟಿಸುವ ಹೊಂದಾಣಿಕೆ ಪಟ್ಟಿಯಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿಯೇ ಕೊಟ್ಟಿದ್ದಾರೆ. ನಾನು ನೋಡಲಿಲ್ಲ, ಜೋಡಿಸಿದವರೂ ನೋಡಲಿಲ್ಲ.

ಅಪಾಯ ಬಂದದ್ದು ಮುಂದಿನ ಹೆಜ್ಜೆಯಿಂದ. ಕೊನೆಯ ಕ್ಲಿಕ್ಕುಗಳು ಬೀಳುವ ಮೊದಲೇ ಡೆರೇಲರ್ ಅತಿ ದೊಡ್ಡ ಸ್ಪ್ರಾಕೆಟ್ಟನ್ನು ತಲುಪಿ ನಿಲ್ಲುತ್ತಿದ್ದುದರಿಂದ ಲಿವರು ಒತ್ತಲಾಗದಷ್ಟು ಬಿಗಿಯಾಗುತ್ತಿತ್ತು. ತಡೆಯ ಸ್ಕ್ರೂ ಹೆಚ್ಚು ಬಿಗಿಯಾಗಿದೆ ಎಂದು ಭಾವಿಸಿದ ಮೆಕ್ಯಾನಿಕ್ ಅದನ್ನು ಸಡಿಲಿಸಿದರು. ಡೆರೇಲರ್ ಕಡ್ಡಿಗಳತ್ತ ಹೋಗದಂತೆ ಕಾಯುವುದು ಆ ಒಂದು ಸ್ಕ್ರೂ ಮಾತ್ರ.

ಆ ಭಾನುವಾರ ಮಣಿಪಾಲ, ಹಿರಿಯಡ್ಕ, ಹೆಬ್ರಿ ದಾಟಿ ಸೋಮೇಶ್ವರದವರೆಗೆ ದೊಡ್ಡ ಸ್ಪ್ರಾಕೆಟ್ ಬೇಕೇ ಆಗಲಿಲ್ಲ. ಘಾಟಿಯಲ್ಲಿ ಏರು ಕಡಿದಾದಾಗ ಕೊನೆಯ ಗೇರಿಗಾಗಿ ಒತ್ತಿದೆ. ಚೈನು ಸ್ಪ್ರಾಕೆಟ್ಟನ್ನು ದಾಟಿ ಕಡ್ಡಿಗಳ ಕಡೆ ಬಿದ್ದಿತು, ಚೈನು ಹಾದುಹೋಗುವ ಡೆರೇಲರಿನ ಪಂಜರ ಕಡ್ಡಿಗೆ ಸಿಕ್ಕಿತು, ಲೋಹ ಸೀಳಿದ ಒಂದು ಸದ್ದಿನೊಂದಿಗೆ ಹಿಂದಿನ ಚಕ್ರ ನಿಂತೇ ಹೋಯಿತು. ಮೂರು ಕಡ್ಡಿ ತುಂಡಾಗಿದ್ದವು; ಡೆರೇಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಅರ್ಧಕ್ಕೆ ಮುರಿದು, ಡೆರೇಲರ್ ಕೇಬಲ್ಲಿನಲ್ಲಿ ನೇತಾಡುತ್ತಿತ್ತು. ಜೀಪಿನವರೊಬ್ಬರು ಹೆಬ್ರಿಯವರೆಗೆ ತಂದುಬಿಟ್ಟರು. ಹ್ಯಾಂಗರ್ ಫ್ರೇಮಿನಿಂದ ಫ್ರೇಮಿಗೆ ಬೇರೆಯಾಗಿರುವುದರಿಂದ ಸರಿಯಾದದ್ದು ಸಿಗಲು ಐದು ವಾರ ಬೇಕಾಯಿತು. ಈಗ 4700ರದೇ ಡೆರೇಲರ್ ಹಾಕಿಸಿದ್ದೇನೆ. ಚೈನು ಹೊಸದು, ಕ್ಯಾಸೆಟ್ ಹಳೆಯದೇ, ಗೇರು ನಿಶ್ಶಬ್ದವಾಗಿದೆ.

ಆದ್ದರಿಂದ ಬಳಸಿದ ಭಾಗ ಕೊಳ್ಳುವಾಗ ಸ್ಪೀಡಿನ ಸಂಖ್ಯೆ ಕೇಳಿ ಸುಮ್ಮನಾಗಬೇಡಿ. ಲಿವರಿನ ಮೇಲಿರುವ ‘ಎಸ್‌ಟಿ’ ಸಂಖ್ಯೆ, ಡೆರೇಲರಿನ ಹಿಂಬದಿಯಲ್ಲಿರುವ ‘ಆರ್‌ಡಿ’ ಸಂಖ್ಯೆ ಎರಡರದೂ ಫೋಟೋ ತರಿಸಿಕೊಂಡು ಪಟ್ಟಿಯೊಂದಿಗೆ ಹೋಲಿಸಿ. ಘಾಟಿಗೆಂದು ದೊಡ್ಡ ಕ್ಯಾಸೆಟ್ ಹಾಕಿಸುವವರೂ ಲೆಕ್ಕ ಮಾಡಬೇಕು: ಮುಂದಿನ ಎರಡು ಹಲ್ಲುಚಕ್ರಗಳಲ್ಲಿ 50 ಮತ್ತು 34 ಹಲ್ಲು, ಹಿಂದೆ ಅತಿ ಸಣ್ಣದರಲ್ಲಿ 11, ಅತಿ ದೊಡ್ಡದರಲ್ಲಿ 34 ಹಲ್ಲು ಇದ್ದರೆ, ವ್ಯತ್ಯಾಸಗಳಾದ 16 ಮತ್ತು 23 ಕೂಡಿ 39 ಹಲ್ಲಿನಷ್ಟು ಚೈನಿನ ಸಡಿಲವನ್ನು ಡೆರೇಲರ್ ಎಳೆದುಕೊಳ್ಳಬೇಕಾಗುತ್ತದೆ, ಗಿಡ್ಡ ಪಂಜರದ್ದಕ್ಕೆ ಅದು ಸಾಧ್ಯವಿಲ್ಲ. ಹೊಸದಾಗಿ ಜೋಡಿಸಿದ ಮೇಲೆ ಅಂಗಡಿಯಲ್ಲೇ ಹಿಂದಿನ ಚಕ್ರ ಎತ್ತಿ, ಅತಿ ದೊಡ್ಡ ಸ್ಪ್ರಾಕೆಟ್ಟಿನಲ್ಲಿರುವಾಗ ಡೆರೇಲರನ್ನು ಕೈಯಿಂದ ಒಳಕ್ಕೆ ಒತ್ತಿ ನೋಡಿ. ಚೈನು ಕಡ್ಡಿಯತ್ತ ದಾಟುವುದಾದರೆ ಆ ಸೈಕಲ್ಲನ್ನು ಹೊರಗೆ ತರಬೇಡಿ.

ನನ್ನ ಹಳೆಯ 4600 ಲಿವರುಗಳನ್ನು ಕೊಂಡಿದ್ದ ಸುರತ್ಕಲ್ಲಿನ ಹುಡುಗನಿಗೆ ಆ ವಾರವೇ ಫೋನ್ ಮಾಡಿದೆ. ಬಲಗಡೆಯದು ಸವೆದಿದೆ ಎಂದು ಮೊದಲೇ ಹೇಳಿದ್ದೆ, ಅವನಿಗೆ ಬೇಕಾಗಿದ್ದದ್ದು ಎಡಗಡೆಯದು ಮತ್ತು ಬಿಡಿಭಾಗಗಳು. ಆದರೂ ಬಲಗಡೆಯದನ್ನು ಹಾಕಿಕೊಂಡಿದ್ದಾನೇನೋ ಎಂಬ ಆತಂಕವಿತ್ತು. ಡೆರೇಲರಿನ ಹಿಂದಿನ ಸಂಖ್ಯೆ ಓದಿ ಹೇಳು ಎಂದೆ. ಟಾರ್ಚ್ ಹಿಡಿದು ನೋಡಿ 5700 ಎಂದ. ಅದು 1.7ರ ಹಳೆಯ ಅನುಪಾತದ್ದೇ, ಹೊಂದುತ್ತದೆ.