ಆನ್ಸೆಸ್ಟ್ರಿ ಡಿಎನ್‌ಎ ಕಿಟ್: ಅಜ್ಜನ ಅಪ್ಪ ಯಾರು ಅಂತ ಹುಡುಕ್ತಿರೋರಿಗೆ

ನಮ್ಮಮ್ಮನ ಅಪ್ಪ ಹುಟ್ಟಿದ್ದು ಕೆಜಿಎಫ್‌ನಲ್ಲಿ, ಮುತ್ತಜ್ಜಿ ಮೈನ್ಸ್‌ನ ಒಬ್ಬ ಬ್ರಿಟಿಷ್ ಸಾಹೇಬನ ಬಂಗಲೇಲಿ ಕೆಲಸಕ್ಕಿದ್ರು, ಮದುವೆ ಆಗಿರ್ಲಿಲ್ಲ, ಇಷ್ಟು ಬಿಟ್ರೆ ಮನೇಲಿ ಯಾರೂ ಬಾಯಿ ಬಿಡ್ತಿರ್ಲಿಲ್ಲ. ಅಜ್ಜಂದು ಬೆಕ್ಕಿನ ಕಣ್ಣು, ಊರೆಲ್ಲ ಆಡ್ಕೊಳ್ತಿದ್ರಂತೆ, ಪಾಪ ಅವರು ಸಾಯೋ ತನಕ ಅಪ್ಪನ ಹೆಸರು ಗೊತ್ತಿಲ್ದೇ ಹೋದ್ರು.

ಮೊದಲು ಕಾಗದಪತ್ರ ಹುಡುಕಿದ್ವಿ. ಆ ಕಾಲದಲ್ಲಿ ಇಲ್ಲಿನ ಚರ್ಚುಗಳ ಬ್ಯಾಪ್ಟಿಸಂ, ಮದುವೆ ದಾಖಲೆಗಳ ಪ್ರತಿ ಲಂಡನ್ನಿಗೆ ಹೋಗ್ತಿತ್ತು, ಈಗ ಅವೆಲ್ಲ ಬ್ರಿಟಿಷ್ ಲೈಬ್ರರೀಲಿವೆ. ಬ್ರಿಟಿಷ್ ಇಂಡಿಯಾದಲ್ಲಿದ್ದ ಮನೆತನಗಳ ದಾಖಲೆ ಕಲೆಹಾಕೋ ಫಿಬಿಸ್ ಅನ್ನೋ ಸಂಸ್ಥೆ ವೆಬ್‌ಸೈಟಲ್ಲಿ ಫ್ರೀಯಾಗಿ ಹೆಸರು ಹುಡುಕಬಹುದು, ಬಹಳ ಒಳ್ಳೆ ಕೆಲಸ ಮಾಡಿದಾರೆ, ನಿಮ್ಮ ಅಜ್ಜ ಅಜ್ಜಿಗೆ ಚರ್ಚಲ್ಲಿ ಹೆಸರಿಟ್ಟಿದ್ರೆ ಮೊದಲು ಅಲ್ಲೇ ನೋಡಿ. ನಮ್ಮಜ್ಜನ್ನ ಮುತ್ತಜ್ಜಿ ತಮ್ಮ ಜನದ ಮಧ್ಯೆನೇ ಸಾಕಿದ್ದು, ಹಾಗಾಗಿ ಅಲ್ಲಿ ಏನೂ ಇರ್ಲಿಲ್ಲ. ಆಮೇಲೆ ದುಡ್ಡು ಕೊಟ್ಟು ಒಬ್ಬ ರಿಸರ್ಚರ್ ಹಿಡಿದ್ವಿ, ಅವ್ನು ಅದೇ ಫ್ರೀ ಸೈಟಿಂದು ಪ್ರಿಂಟ್ ಹಾಕಿ ಕಳಿಸ್ದ, ಅವನ ಹೆಸರು ಬೇಡ ಬಿಡಿ.

ನಾನಿರೋದು ಇಂಗ್ಲೆಂಡಲ್ಲಿ, ಅಮ್ಮ ಬಂದಾಗ ಕಿಟ್ ತರಿಸ್ದೆ. ಒಂದು ಟ್ಯೂಬಿಗೆ ಎಂಜಲು ಉಗಿದು ಪೋಸ್ಟ್ ಮಾಡೋದು ಅಷ್ಟೇ. ಆದ್ರೆ ದಯವಿಟ್ಟು ಮನೇಲಿ ಇರೋ ಹಿರಿಯರದ್ದೇ ಮಾಡಿಸಿ. ಆ ಸಾಹೇಬ ಅಮ್ಮನಿಗೆ ಅಜ್ಜ ಆಗ್ಬೇಕು, ಅವನ ಡಿಎನ್‌ಎ ಅಮ್ಮನಲ್ಲಿ ಸುಮಾರು ಕಾಲು ಭಾಗ ಇರುತ್ತೆ, ನನ್ನಲ್ಲಿ ಅದರಲ್ಲೂ ಅರ್ಧ. ಒಂದು ತಲೆಮಾರು ತಡ ಮಾಡಿದ್ರೆ ಅಷ್ಟು ಕೈ ಬಿಟ್ಟು ಹೋಗುತ್ತೆ.

ರಿಸಲ್ಟ್ ಬಂದಾಗ ಎಲ್ರೂ ಮೊದಲು ನೋಡೋದು ಯಾವ ದೇಶ ಎಷ್ಟು ಪರ್ಸೆಂಟ್ ಅನ್ನೋದನ್ನ, ಅದು ಅಂದಾಜು, ಅದನ್ನ ಜಾಸ್ತಿ ನಂಬ್ಬೇಡಿ. ನಿಜವಾದ ಬೆಲೆ ಇರೋದು ಮ್ಯಾಚ್ ಲಿಸ್ಟಿಗೆ, ಅಂದ್ರೆ ಟೆಸ್ಟ್ ಮಾಡಿಸಿರೋರಲ್ಲಿ ಯಾರ ಡಿಎನ್‌ಎ ನಮ್ಮ ಜೊತೆ ಹೊಂದುತ್ತೋ ಅವರ ಪಟ್ಟಿಗೆ. ನಮ್ಮಂಥ ಮನೆಗಳಿಗೆ ಇದು ಚೆನ್ನಾಗಿ ಕೆಲಸ ಮಾಡೋಕೆ ಒಂದು ಕಾರಣ ಇದೆ, ಅಮ್ಮನ ಉಳಿದ ಪೂರ್ವಿಕರೆಲ್ಲ ಕೋಲಾರದ ಕಡೆಯೋರು, ಹಾಗಾಗಿ ಲಿಸ್ಟಲ್ಲಿ ಬಂದ ಬ್ರಿಟಿಷ್ ಹೆಸರುಗಳೆಲ್ಲ ಆ ಒಬ್ಬನ ಕಡೆಯಿಂದ್ಲೇ ಬಂದಿರ್ಬೇಕು, ಬೇರೆ ದಾರೀನೇ ಇಲ್ಲ. ಅವರ ವಂಶವೃಕ್ಷ ತೆಗೆದು ನೋಡಿದ್ರೆ ಎಲ್ಲಾ ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯೋರು, ಅಲ್ಲಿನ ಕ್ಯಾಂಬೋರ್ನ್, ರೆಡ್ರುತ್ ಅನ್ನೋ ಊರುಗಳೋರು. ಗಣಿ ನಡೆಸ್ತಿದ್ದ ಬ್ರಿಟಿಷ್ ಕಂಪನಿ ಜಾನ್ ಟೇಲರ್ 1880ರ ಹೊತ್ತಿಗೆ ಕೆಜಿಎಫ್‌ಗೆ ಬಂದ ಮೇಲೆ ಕಾರ್ನ್‌ವಾಲ್‌ನ ತವರದ ಗಣಿ ಕೆಲಸಗಾರರು ತುಂಬಾ ಜನ ನಮ್ಮೂರಿಗೆ ಬಂದಿದ್ರಲ್ಲ, ನೋಡಿ ಮೈ ಜುಂ ಅಂತು.

ಹತ್ತಿರದ ಮ್ಯಾಚು ಅಮ್ಮನ ವಯಸ್ಸಿನ ಒಬ್ರು ಹೆಂಗಸು, 430 ಸೆಂಟಿಮಾರ್ಗನ್ (ಇಬ್ಬರ ಡಿಎನ್‌ಎ ಎಷ್ಟು ಹೊಂದುತ್ತೆ ಅಂತ ಅಳೆಯೋ ಲೆಕ್ಕ, ಜಾಸ್ತಿ ಇದ್ದಷ್ಟೂ ಹತ್ತಿರದ ಸಂಬಂಧ). ಇಬ್ರಿಗೂ ಒಬ್ಬನೇ ಅಜ್ಜ, ಅಜ್ಜಿಯರು ಬೇರೆ ಬೇರೆ ಅಂದ್ರೆ ಸರಾಸರಿ 449 ಬರುತ್ತೆ, ಸೆಕೆಂಡ್ ಕಸಿನ್, ಅಂದ್ರೆ ಇಬ್ಬರ ಅಜ್ಜಂದಿರು ಅಣ್ಣ ತಮ್ಮ ಆದ್ರೆ 229, ಆದ್ರೆ ಎರಡರ ರೇಂಜೂ ಒಂದರೊಳಗೊಂದು ಸೇರ್ಕೊಂಡಿರುತ್ತೆ. ಅಂದ್ರೆ ನಮ್ಮ ಸಾಹೇಬ ಅವರಜ್ಜನೋ ಅಥವಾ ಆ ಅಜ್ಜನ ತಮ್ಮನೋ ಅಂತ ನಂಬರ್ ಒಂದೇ ಹೇಳಲ್ಲ. ನಾನು ಹೆದರ್ಕೊಂಡೇ ಮೆಸೇಜ್ ಹಾಕ್ದೆ, ಅವರು ತುಂಬಾ ಪ್ರೀತಿಯಿಂದ ಉತ್ತರ ಕೊಟ್ರು, ಅವರಜ್ಜ ಕೆಜಿಎಫ್‌ನಲ್ಲಿ ಇದ್ದಿದ್ದು ನಿಜ, ತಮ್ಮಂದಿರು ಯಾರೂ ಇಂಡಿಯಾಗೆ ಬಂದೇ ಇರ್ಲಿಲ್ವಂತೆ. ಫೋಟೋ ಕಳಿಸಿದ್ರು, ಅಮ್ಮ ಅದನ್ನ ನೋಡಿ ನಮ್ಮಪ್ಪನ ಹಣೆ ಅಂದ್ರು.

ಅವರ ಕಡೆಯ ಹಳೇ ದಾಖಲೆಗಳೆಲ್ಲ ರೆಡ್ರುತ್‌ನ ಕ್ರೆಸೆನ್ ಕೆರ್ನೋವ್ ಆರ್ಕೈವ್‌ನಲ್ಲಿ ಸಿಗುತ್ತೆ, ನೂರಾರು ವರ್ಷ ಹಿಂದಕ್ಕೆ ಹೋಗಬಹುದು. ಹೊಟ್ಟೆ ಉರಿಯೋದು ಇಲ್ಲೇ. ಬಿಟ್ಟು ಹೋದೋನ ಏಳು ತಲೆಮಾರು ಸಿಕ್ತು, ಜನರ ಮಾತು ಕೇಳ್ಕೊಂಡು ಮಗನ್ನ ಸಾಕಿದ ಮುತ್ತಜ್ಜಿಯ ಅಪ್ಪನ ಹೆಸರೂ ಸಿಕ್ಕಿಲ್ಲ, ಯಾಕಂದ್ರೆ ನಮ್ಮ ಕಡೆ ಟೆಸ್ಟ್ ಮಾಡಿಸಿರೋರೇ ಕಮ್ಮಿ. ಅದಕ್ಕೆ ಕಿಟ್ ಸಾಲಲ್ಲ, ಬಂಗಾರಪೇಟೆಲಿರೋ ದೊಡ್ಡಮ್ಮನ ಹತ್ರ ಕೂತು ಕೇಳಿ ರೆಕಾರ್ಡ್ ಮಾಡ್ತಿದೀನಿ.

ಸಾಹೇಬನ ಕಡೆ ಹುಡುಕೋಕೆ ನನ್ನ ಕಡೆಯಿಂದ ಐದಕ್ಕೆ ಐದು. ಸೇಲ್ ಬಂದಾಗ ತಗೊಳ್ಳಿ, ಮತ್ತೆ ಮನೆಯ ಹಿರಿಯರು ಬೇಡ ಅಂದ್ರೆ ಬಲವಂತ ಮಾಡ್ಬೇಡಿ.