ಕೆನಡಾ ಸಂಸತ್ತಿನ ಇ-ಅರ್ಜಿ ಸೇವೆ: ಸಹಿ ಹಾಕುವವರಿಗೆ ಮರೆ, ಅರ್ಜಿ ಹಾಕುವವರಿಗೆ ಬಯಲು

ಕೆನಡಾದ ಹೌಸ್ ಆಫ್ ಕಾಮನ್ಸ್ ನಡೆಸುವ ಇ-ಅರ್ಜಿ ಸೇವೆಗೆ ನಾನು ಕೊಡುವುದು ಐದರಲ್ಲಿ ಮೂರೂವರೆ ನಕ್ಷತ್ರ. ನಯಾಪೈಸೆ ಖರ್ಚಿಲ್ಲ. 2015ರ ಡಿಸೆಂಬರ್‌ನಿಂದ ನಡೆಯುತ್ತಿದೆ. ಆದರೂ ಇಲ್ಲಿನ ಕನ್ನಡಿಗರಲ್ಲಿ ಇದನ್ನು ಬಳಸಿದವರು ನನಗೆ ಸಿಕ್ಕಿದ್ದು ಅಪರೂಪ. ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುವ ಸಹಿ ಸಂಗ್ರಹದ ಕೊಂಡಿಗಳೆಲ್ಲ ಖಾಸಗಿ ಜಾಲತಾಣಗಳವು. ಅಲ್ಲಿ ಲಕ್ಷ ಜನ ಸಹಿ ಹಾಕಿದರೂ ಸರ್ಕಾರ ತಿರುಗಿ ನೋಡಲೇಬೇಕೆಂಬ ಕಟ್ಟಳೆ ಇಲ್ಲ. ಇಲ್ಲಿ 500 ಸಹಿ ಬಿದ್ದು, ಸಂಸದರೊಬ್ಬರು ಅದನ್ನು ಸದನದಲ್ಲಿ ಮಂಡಿಸಿದರೆ, 45 ದಿನಗಳೊಳಗೆ ಸರ್ಕಾರ ಲಿಖಿತ ಉತ್ತರ ಕೊಡಬೇಕು. ಕೊಡದಿದ್ದರೆ ಆ ವೈಫಲ್ಯವೇ ಸ್ಥಾಯಿ ಸಮಿತಿಯ ಮುಂದೆ ಹೋಗುತ್ತದೆ. ಹಾಸನದಲ್ಲಿ ಬ್ಯಾಂಕಿನ ಮೇಜಿನ ಹಿಂದೆ ಕೂತು ಜನರ ಅರ್ಜಿಗಳನ್ನು ‘ಮೇಲಕ್ಕೆ ಕಳುಹಿಸಿದ್ದೇವೆ’ ಎನ್ನುತ್ತಲೇ ನಿವೃತ್ತಳಾದ ನನಗೆ, ಗಡುವಿರುವ ಅರ್ಜಿಯ ಬೆಲೆ ಏನೆಂದು ಗೊತ್ತು.

ನಮ್ಮ ಅರ್ಜಿ ಮೇ 17ರ ಬಗ್ಗೆ. ಸಲಿಂಗಿಗಳ ಮೇಲಿನ ದ್ವೇಷದ ವಿರುದ್ಧ ಜಗತ್ತಿನ ಹಲವು ಕಡೆ ಆಚರಿಸುವ ದಿನ ಅದು. ಪ್ರಧಾನಿಯವರ ಹೇಳಿಕೆ ಬಂದರಷ್ಟೇ ಸಾಲದು, ಸಂಸತ್ತು ಕಾಯ್ದೆಯ ಮೂಲಕ ಅದನ್ನು ರಾಷ್ಟ್ರೀಯ ದಿನವೆಂದು ಘೋಷಿಸಬೇಕು ಎಂಬುದು ನಮ್ಮ ಕೇಳಿಕೆ. ನಮ್ಮ ಎಂದರೆ, ಒಟ್ಟಾವಾದ ನಮ್ಮ ಮನೆಗೆ ವಾರಾಂತ್ಯದಲ್ಲಿ ಊಟಕ್ಕೆ ಬರುವ ಕೆಲವು ಹುಡುಗ ಹುಡುಗಿಯರು ಮತ್ತು ನಾನು. ಅವರಲ್ಲಿ ಗೇ ಯಾರು, ಬರಿಯ ಸ್ನೇಹಿತರು ಯಾರು ಎಂದು ಬರೆಯುವುದಿಲ್ಲ. ನನ್ನ ಹೆಸರು ಆ ತಾಣದಲ್ಲಿ ರಾಜಾರೋಷವಾಗಿ ಇದೆ. ನನ್ನಿಂದ ಅವರ ಮನೆಬಾಗಿಲಿಗೆ ದಾರಿ ದೂರವಿಲ್ಲ.

ಅರ್ಜಿಯ ಪಠ್ಯ 250 ಪದ ಮೀರುವಂತಿಲ್ಲ. ಈ ಮಿತಿ ನನಗೆ ಬಹಳ ಹಿಡಿಸಿತು. ಹುಡುಗರು ಮೊದಲು ಬರೆದು ತಂದದ್ದು ಪಿಎಚ್‌ಡಿ ಪ್ರಬಂಧ. ಕತ್ತರಿ ಹಿಡಿದು ಕೂತಾಗ ಯಾವುದು ಉಳಿಯಬೇಕೆಂಬುದು ತಾನಾಗಿ ತಿಳಿಯಿತು. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗಕಾಮವನ್ನು ರೋಗಗಳ ಪಟ್ಟಿಯಿಂದ ತೆಗೆದದ್ದು 1990ರ ಮೇ 17ರಂದು, ಅದು ಉಳಿಯಿತು. ಇಂಥ ಒಂದು ದಿನ ಕೆನಡಾಕ್ಕೆ ಹೊರಗಿನಿಂದ ಬಂದದ್ದಲ್ಲ. ಕ್ವಿಬೆಕ್‌ನ ಫೊಂಡಾಸಿಯೊ ಎಮೆರ್ಜಾನ್ಸ್ ಎಂಬ ಸಂಸ್ಥೆ 2003ರ ಜೂನ್ 4ರಂದೇ ಇಲ್ಲಿ ಅದನ್ನು ಆಚರಿಸಿತ್ತು. ಲೂಯಿ-ಜಾರ್ಜ್ ತಾಂ ಮುಂದಾಳತ್ವದಲ್ಲಿ 2005ರಲ್ಲಿ ಅಂತರರಾಷ್ಟ್ರೀಯ ದಿನ ಶುರುವಾದ ಮೇಲೆ, ಕ್ವಿಬೆಕ್‌ನವರೂ ಮೇ 17ಕ್ಕೆ ಬಂದರು. ಇದೂ ಉಳಿಯಿತು. ಬ್ರೆಜಿಲ್ 2010ರಲ್ಲಿ, ಮೆಕ್ಸಿಕೋ 2014ರಲ್ಲಿ ಸರ್ಕಾರಿ ಆದೇಶ ಹೊರಡಿಸಿ ಈ ದಿನವನ್ನು ಒಪ್ಪಿಕೊಂಡವು ಎಂಬ ಸಾಲಿಗೂ ಜಾಗ ಸಿಕ್ಕಿತು. ಕವಿತೆಯಂತಿದ್ದ ಮುಕ್ತಾಯ ಹೋಯಿತು. ಬರೆದ ಹುಡುಗಿ ಮುಖ ಊದಿಸಿಕೊಂಡಳು, ಹೋಳಿಗೆ ಹಾಕಿದ ಮೇಲೆ ಸರಿಹೋದಳು.

ಪಠ್ಯವನ್ನು ಇಂಗ್ಲಿಷ್ ಅಥವಾ ಫ್ರೆಂಚ್, ಯಾವುದಾದರೂ ಒಂದರಲ್ಲಿ ಕೊಟ್ಟರೆ ಸಾಕು, ಇನ್ನೊಂದಕ್ಕೆ ಅನುವಾದಿಸುವುದು ಅವರ ಹೊಣೆ. ಇದಕ್ಕೆ ಪೂರ್ತಿ ಅಂಕ.

ಮುಂದಿನದು ಬೆಂಬಲಿಗರ ಹಂತ. ಕನಿಷ್ಠ ಐದು ಜನ ಮೊದಲೇ ಒಪ್ಪಿ ನಿಲ್ಲಬೇಕು. ಅದಾದ ಮೇಲೆ ಯಾರಾದರೊಬ್ಬ ಸಂಸದರು ಅರ್ಜಿಗೆ ಅನುಮತಿ ಕೊಡಬೇಕು. ನನ್ನ ಮೊದಲ ಅರ್ಧ ನಕ್ಷತ್ರ ಹೋದದ್ದು ಇಲ್ಲಿ. ಅನುಮತಿ ಕೊಟ್ಟ ಮಾತ್ರಕ್ಕೆ ಅರ್ಜಿಯನ್ನು ಒಪ್ಪಿದಂತಲ್ಲ ಎಂದು ನಿಯಮ ಬಿಡಿಸಿ ಹೇಳುತ್ತದೆ. ಆದರೂ ಪುಟದಲ್ಲಿ ತಮ್ಮ ಹೆಸರು ಕಾಣುತ್ತದೆ ಎಂದು ಕೆಲವರು ಹಿಂಜರಿಯುತ್ತಾರೆ. ನಾವು ಮೊದಲು ಕೇಳಿಕೊಂಡವರಿಂದ ಹ್ಞೂಂ ಇಲ್ಲ, ಊಹೂಂ ಇಲ್ಲ. ಉತ್ತರಿಸಲು ಅವರಿಗೆ 30 ದಿನ ಇರುತ್ತದೆ. ಅದು ಮುಗಿಯುವ ತನಕ ಕಾದು, ಇನ್ನೊಬ್ಬರನ್ನು ಕೇಳಬೇಕಾಯಿತು. ಬೇಡ ಎನ್ನುವುದಕ್ಕೂ ಒಂದು ಸಾಲಿನ ಸೌಜನ್ಯ ಬೇಡವೇ? ಎರಡನೆಯವರ ಕಚೇರಿಯಿಂದ ಬೇಗನೇ ಒಪ್ಪಿಗೆ ಬಂತು.

ಇನ್ನು ಈ ಸೇವೆಯ ಅಸಲಿ ಗುಣಕ್ಕೆ ಬರುತ್ತೇನೆ. ಸಹಿ ಹಾಕುವವರು ಹೆಸರು, ಅಂಚೆ ಸಂಕೇತ, ದೂರವಾಣಿ ಸಂಖ್ಯೆ, ಇಮೇಲ್ ವಿಳಾಸ ಕೊಡಬೇಕು. ಇಷ್ಟು ಕೇಳಿದೊಡನೆ ಹುಡುಗರು ಹಿಂದೆ ಸರಿಯುತ್ತಾರೆ. ‘ಆಂಟಿ, ನನ್ನ ಹೆಸರು ಎಲ್ಲಾದರೂ ಕಾಣಿಸುತ್ತದೆಯೇ?’ ಎಂಬುದೇ ಎಲ್ಲರ ಮೊದಲ ಪ್ರಶ್ನೆ. ಕಾಣಿಸುವುದಿಲ್ಲ. ಸಾರ್ವಜನಿಕ ಪುಟದಲ್ಲಿ ಇರುವುದು ಒಟ್ಟು ಸಂಖ್ಯೆ ಮತ್ತು ಯಾವ ಪ್ರಾಂತ್ಯದಿಂದ ಎಷ್ಟು ಎಂಬ ಪಟ್ಟಿ, ಅಷ್ಟೇ. ಒಂಟಾರಿಯೊ ಇಷ್ಟು, ಆಲ್ಬರ್ಟಾ ಇಷ್ಟು. ನುನಾವುಟ್ ಹೆಸರಿನ ಮುಂದೆ ಒಂದು ಎಂದು ಕಂಡ ರಾತ್ರಿ, ಆ ಹಿಮದಲ್ಲಿ ಕೂತು ಗುಂಡಿ ಒತ್ತಿದ ಜೀವ ಯಾವುದಿರಬಹುದು ಎಂದು ಬಹಳ ಹೊತ್ತು ಯೋಚಿಸಿದೆ.

ಯುಗಾದಿಯ ಊಟದ ದಿನ ಸಭಾಂಗಣದ ಮೂಲೆಯಲ್ಲಿ ಒಬ್ಬ ಗೃಹಿಣಿ ನನ್ನ ಪಕ್ಕ ಬಂದು ಕುಳಿತರು. ಅರ್ಜಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಮೊಬೈಲಿನಲ್ಲಿ ಪುಟ ತೆರೆದು, ಎಲ್ಲ ತುಂಬಿಸಿ, ‘ಮೇಲ್ ಬರುತ್ತದೆ ಅಂತಿದೆ, ಅದನ್ನೂ ಒತ್ತಬೇಕೇನು?’ ಎಂದು ಮೆಲ್ಲಗೆ ಕೇಳಿದರು. ಹೌದು, ದೃಢೀಕರಣದ ಮೇಲ್‌ನಲ್ಲಿರುವ ಕೊಂಡಿ ಒತ್ತದಿದ್ದರೆ ಸಹಿ ಲೆಕ್ಕಕ್ಕೆ ಬರುವುದಿಲ್ಲ. ಒತ್ತಿದರು. ಮೊಬೈಲನ್ನು ಚೀಲಕ್ಕೆ ಹಾಕಿ, ಕೋಸಂಬರಿಗೆ ಉಪ್ಪು ಕಡಿಮೆಯಾಗಿದೆ ಎನ್ನುತ್ತಾ ಎದ್ದು ಹೋದರು. ಅವರ ಮನೆಯಲ್ಲಿ ಯಾರಿಗೆ ಈ ದಿನ ಬೇಕೋ ನನಗೆ ಗೊತ್ತಿಲ್ಲ, ಕೇಳುವುದೂ ಇಲ್ಲ.

ಇದೇ ಸಂಸತ್ತಿಗೆ ಕಾಗದದ ಅರ್ಜಿಯನ್ನೂ ಕೊಡಬಹುದು. ಅದಕ್ಕೆ ಬೇಕಾದದ್ದು ಕೇವಲ 25 ಸಹಿ! ಉತ್ತರದ ಗಡುವು ಅದೇ 45 ದಿನ. ನನ್ನ ಯಜಮಾನರು ಇದನ್ನು ಪತ್ತೆ ಮಾಡಿ, ‘500ರ ಬೆನ್ನು ಹತ್ತುವುದೇಕೆ, ರಾಜ್ಯೋತ್ಸವದ ದಿನ ಬಾಗಿಲಲ್ಲಿ ಒಂದು ಹಾಳೆ ಇಟ್ಟರೆ ಮುಗಿಯಿತಲ್ಲ’ ಎಂದರು. ರಸ್ತೆ, ಒಳಚರಂಡಿ, ಬಸ್ಸಿನ ವಿಷಯವಾಗಿದ್ದರೆ ಅವರ ಮಾತೇ ಸರಿ. ಆದರೆ ಹಾಳೆಯಲ್ಲಿ ನಿಮ್ಮ ಹೆಸರಿನ ಕೆಳಗೆ ಸಹಿ ಹಾಕುವವರು ನಿಮ್ಮ ಹೆಸರನ್ನು ಓದಿಯೇ ಓದುತ್ತಾರೆ. ಈ ವಿಷಯಕ್ಕೆ ಆ ಗೃಹಿಣಿ ಹಾಳೆಯ ಮೇಲೆ ಪೆನ್ನು ಇಡುತ್ತಿರಲಿಲ್ಲ. ಇಪ್ಪತ್ತು ಪಟ್ಟು ಹೆಚ್ಚು ಸಹಿ ಬೇಕಾದರೂ ಇ-ಅರ್ಜಿಯನ್ನೇ ಹಿಡಿದದ್ದು ಅದಕ್ಕೇ.

ಆದರೆ ಈ ಮರೆ ಅರ್ಜಿ ಸಲ್ಲಿಸುವವರಿಗೆ ಇಲ್ಲ. ಅವರ ಪೂರ್ಣ ಹೆಸರು, ಊರು, ಪ್ರಾಂತ್ಯ ಪುಟದ ಮೇಲೆ ಅಚ್ಚಾಗುತ್ತದೆ. ಅರ್ಜಿ ಮುಗಿದ ಮೇಲೂ ಪುಟ ಹಾಗೇ ಉಳಿಯುತ್ತದೆ. ಇಡೀ ಕೆಲಸ ಮಾಡಿದ ಹುಡುಗ ತನ್ನ ಹೆಸರು ಹಾಕಲಾರದೆ ಕೂತಿದ್ದ. ಊರಿನಲ್ಲಿ ತಂದೆ ಅವನಿಗೆ ಹೆಣ್ಣು ನೋಡುತ್ತಿದ್ದರು. ನನ್ನ ಹೆಸರು ಹಾಕು ಎಂದೆ. ಹಾಸನದವರು ಏನಂದಾರು ಎಂದು ಯಜಮಾನರು ಒಮ್ಮೆ ಗೊಣಗಿದರು. ಹಾಸನದವರು ನಾನು ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟಾಗಲೂ ಅಂದಿದ್ದರು. ನನ್ನ ವಯಸ್ಸಿನವಳಿಗೆ ಇದು ಸುಲಭ. ಅರ್ಜಿದಾರರು ಬಯಸಿದರೆ ಹೆಸರು ಸಂಸತ್ತಿನ ಕಡತದಲ್ಲಿ ಮಾತ್ರ ಉಳಿಯುವ ಅವಕಾಶ ಇರಬೇಕಿತ್ತು. ಇದಕ್ಕೆ ಇನ್ನೊಂದು ಅರ್ಧ ನಕ್ಷತ್ರ ಕಡಿತ.

ಉಳಿದ ಅರ್ಧ ಚರ್ಚೆಯದು. ಮಂಡನೆಯ ಹೊತ್ತಿನಲ್ಲಿ ಸಂಸದರು ಎದ್ದು ನಿಂತು ಸಾರಾಂಶ ಹೇಳಿ ಕೂರುತ್ತಾರೆ. ಅರ್ಜಿಯ ಮೇಲೆ ಚರ್ಚೆಗೆ ಅವಕಾಶವಿಲ್ಲ. ಬ್ರಿಟನ್ನಿನಲ್ಲಿ ಒಂದು ಲಕ್ಷ ಸಹಿ ಬಿದ್ದರೆ ಚರ್ಚೆಗೆ ಪರಿಗಣಿಸುತ್ತಾರೆ. ಅಲ್ಲಿ ಉತ್ತರಕ್ಕೇ ಹತ್ತು ಸಾವಿರ ಬೇಕು ಎಂಬುದೂ ನಿಜವೆನ್ನಿ. ನಮ್ಮದನ್ನು ಮಂಡಿಸಿದಾಗ ಸಂಸತ್ತಿನ ನೇರಪ್ರಸಾರದ ಮುಂದೆ ಎಲ್ಲರೂ ಕೂತಿದ್ದೆವು. ಚಹಾ ಬಸಿಯುವಷ್ಟರಲ್ಲಿ ಮುಗಿದುಹೋಗಿತ್ತು.

ಸಹಿ ಕೇಳಿದಾಗ ಹಿರಿಯರೊಬ್ಬರು ವಾದಕ್ಕೆ ಬಂದರು. 1969ರಲ್ಲೇ ಈ ದೇಶ ಕಾನೂನು ಸಡಿಲಿಸಿತು, 2005ರಲ್ಲಿ ಮದುವೆಯನ್ನೂ ಒಪ್ಪಿತು, ಇನ್ನೇಕೆ ಒಂದು ದಿನ ಎಂದು. ನಮ್ಮ ಹುಡುಗ ಹೆದರುತ್ತಿರುವುದು ಕಾನೂನಿಗಲ್ಲ, ನಿಮ್ಮಂಥ ಮಾವಂದಿರಿಗೆ ಎಂದು ಹೇಳಬೇಕೆನಿಸಿತು; ಇನ್ನೂ ನಯವಾಗಿ ಹೇಳಿದೆ. ಶಿರಾ ತಾಲ್ಲೂಕಿನಿಂದ ಬಂದ ಚಂದ್ರ ಆರ್ಯ 2022ರಲ್ಲಿ ಇದೇ ಸದನದಲ್ಲಿ ಕನ್ನಡ ಮಾತನಾಡಿದಾಗ ಆ ವಿಡಿಯೊವನ್ನು ಊರಿಗೆಲ್ಲ ಕಳುಹಿಸಿದವರು ಇವರೇ. ಅದೇ ವರ್ಷ ಆರ್ಯ ಅವರ ಗೊತ್ತುವಳಿಯಿಂದ ನವೆಂಬರ್ ಹಿಂದೂ ಪರಂಪರೆಯ ಮಾಸವಾದಾಗ ಸಿಹಿ ಹಂಚಿದವರೂ ಇವರೇ. ಸರ್ಕಾರದ ಪಂಚಾಂಗದಲ್ಲಿ ನಮಗೊಂದು ಇಡೀ ತಿಂಗಳು ಸಿಕ್ಕಿದ್ದಕ್ಕೆ ಅಷ್ಟು ಹಿಗ್ಗಿದವರು, ನಮ್ಮದೇ ಮಕ್ಕಳು ಒಂದು ದಿನ ಕೇಳಿದರೆ ಮೂಗು ಮುರಿಯುವುದೇಕೆ? ಅವರು ಸಹಿ ಹಾಕಿದರೋ ಇಲ್ಲವೋ ತಿಳಿಯುವ ಬಗೆಯಿಲ್ಲ. ಮರೆ ಎಂದ ಮೇಲೆ ಎಲ್ಲರಿಗೂ ಮರೆ.

ಬಳಸಬೇಕೆಂದಿರುವವರಿಗೆ ಒಂದೆರಡು ಮಾತು. ಸಹಿಗೆ ಪೌರತ್ವ ಬೇಕಿಲ್ಲ. ಕೆನಡಾದಲ್ಲಿ ವಾಸವಿದ್ದರೆ ಸಾಕು, ಓದಲು ಬಂದ ವಿದ್ಯಾರ್ಥಿಗಳೂ ಹಾಕಬಹುದು. ವಯಸ್ಸಿನ ಮಿತಿಯಿಲ್ಲ. ಬೆಂಗಳೂರಿನ ಬಂಧುಗಳು, ಕೆನಡಾದ ಪೌರರಲ್ಲದಿದ್ದರೆ, ಹಾಕುವಂತಿಲ್ಲ. ಕೊಂಡಿ ಕಳುಹಿಸಿ ಅವರನ್ನು ಗೊಂದಲಕ್ಕೆ ತಳ್ಳಬೇಡಿ. ಅವಧಿ 30, 60, 90, 120 ದಿನಗಳಲ್ಲಿ ಒಂದನ್ನು ಆರಿಸಬೇಕು, 120ನ್ನೇ ಆರಿಸಿ. ಚುನಾವಣೆಯ ಸುದ್ದಿ ಇದ್ದರೆ ತಡೆಯಿರಿ, ಏಕೆಂದರೆ ಸಂಸತ್ತು ವಿಸರ್ಜನೆಯಾದರೆ ತೆರೆದಿರುವ ಇ-ಅರ್ಜಿಗಳೆಲ್ಲ ಅಲ್ಲಿಗೇ ಮುಚ್ಚಿಹೋಗುತ್ತವೆ. 2025ರ ಮಾರ್ಚ್ 23ರಂದು ಸಂಸತ್ತು ವಿಸರ್ಜನೆಯಾದಾಗ ಸಹಿ ಕೂಡಿಸುತ್ತಿದ್ದವರೆಲ್ಲ ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು.

ನಮ್ಮ 45 ದಿನಗಳು ಈಗ ಓಡುತ್ತಿವೆ. ಉತ್ತರ ಏನೇ ಬರಲಿ, ನಕ್ಷತ್ರಗಳನ್ನು ಬದಲಿಸುವುದಿಲ್ಲ. ಇದು ಸೇವೆಯ ವಿಮರ್ಶೆ, ಸರ್ಕಾರದ್ದಲ್ಲ. ಸರ್ಕಾರಕ್ಕೆ ಎಷ್ಟು ಕೊಡಬೇಕೆಂದು ಹುಡುಗರು ಈಗಾಗಲೇ ಜಗಳವಾಡುತ್ತಿದ್ದಾರೆ.