ಟಿಮಿಡ್, ಚಿಕನ್, ಕವರ್ಡ್: ಯಾರಿಗೆ ಯಾವುದು?

ಪುಕ್ಕಲರಿಗೆ ಇಂಗ್ಲಿಷಿನಲ್ಲಿ ಏನನ್ನಲಿ ಅಂತ ತೀರ್ಥಹಳ್ಳಿಯಿಂದ ಕೇಳಿದ್ದೀರಿ. ಎಷ್ಟು ಚುಚ್ಚಬೇಕು ಅನ್ನೋದನ್ನ ಮೊದಲು ನೋಡಿ. 'ಟಿಮಿಡ್' ಚುಚ್ಚುವುದೇ ಇಲ್ಲ, ಸ್ವಭಾವ ಹೇಳುತ್ತದೆ ಅಷ್ಟೇ. ಶಾಲೆಯ ವರದಿಯಲ್ಲೂ ಬರೆಯಬಹುದು.

'ಚಿಕನ್' ಗೆಳೆಯರ ಕೀಟಲೆ. ಕೊಡಚಾದ್ರಿ ಹತ್ತಲು ಹೊರಟವನು ಕಾಲಿಗೆ ಇಂಬಳ (ಜಿಗಣೆ) ಹತ್ತಿದ್ದೇ ಜೀಪಿಗೆ ವಾಪಸ್ ಓಡಿದರೆ, 'ಚಿಕನ್ಡ್ ಔಟ್'. ಕೊನೇ ಗಳಿಗೆಯಲ್ಲಿ ಹಿಂದೆ ಸರಿಯುವುದಕ್ಕೆ ಹೇಳಿ ಮಾಡಿಸಿದ ಮಾತು. ಅರ್ಜಿ, ಪ್ರಬಂಧಕ್ಕೆ ಮಾತ್ರ ಬೇಡ.

'ಕವರ್ಡ್' ಅಂದರೆ ಹೇಡಿ, ನೇರ ಬೈಗುಳ. ಹೊಣೆ ಬಿಟ್ಟು ಓಡಿದವನಿಗೆ ಸರಿ. ಇಂಬಳಕ್ಕೆ ಹೆದರಿದವನಿಗೆ ಜಾಸ್ತಿಯಾಯ್ತು, ಅಲ್ವಾ?

ಸದಾ ಬೆಚ್ಚಿಬೀಳುವವರಿಗೆ 'ಅಫ್ರೇಡ್ ಆಫ್ ಹಿಸ್ ಓನ್ ಶ್ಯಾಡೋ', ತನ್ನ ನೆರಳಿಗೇ ಹೆದರುವವನು. 'ಮಿಲ್ಕ್‌ಟೋಸ್ಟ್' ಕೂಡ ಇದೆ, ಮೆತ್ತಗಿನ ಅಂಜುಬುರುಕ ಅಂತ ಅರ್ಥ; 1924ರ ಅಮೆರಿಕನ್ ಕಾಮಿಕ್ ಪಾತ್ರದ ಹೆಸರಿನಿಂದ ಬಂದದ್ದು. ಶಿವಮೊಗ್ಗದಲ್ಲಿ ಹೇಳಿದರೆ ತಿಂಡಿ ಅಂದುಕೊಂಡಾರು.